ಹಗೇವಿನ ದಫೇದಾರ

ವಿರೋಧಿಕೃತು ಸಂವತ್ಸರ, ಚೈತ್ರ ಶುದ್ಧ ಬಿದಿಗೆ. ಶ್ರೀರಂಗಪಟ್ಟಣ

ಇವತ್ತು ನನ್ನನ್ನು ದಫೇದಾರ ಮಾಡಿದರು. ಹತ್ತು ಆಳು ನನ್ನ ಕೈಕೆಳಗೆ. ಯಾರಿಗಾದರೂ ಹೇಳಿಕೊಳ್ಳಬೇಕೆಂದು ಬೆಳಗಿನಿಂದ ನಾಲಗೆ ತುರಿಸುತ್ತಿದೆ. ಜೊತೆಯವರಿಗೆ ಹೇಳಿದರೆ ಜಂಬ ಎನ್ನುತ್ತಾರೆ, ಹೆಂಡತಿ ಪುಟ್ಟತಾಯಮ್ಮ ದೂರದ ನಾಗಮಂಗಲದ ಪಕ್ಕ ಹೊಂಗೆಕೊಪ್ಪಲಿನಲ್ಲಿದ್ದಾಳೆ. ಹಾಗಾಗಿ ಪೇಟೆಯಿಂದ ಒಂದು ಕಡತವನ್ನೂ ನಾಲ್ಕು ಬಳಪವನ್ನೂ ತಂದು ಕೂತಿದ್ದೇನೆ. ಐಗಳ ಮಠದಲ್ಲಿ ಬೆತ್ತದ ಏಟು ತಿಂದು ಕಲಿತ ಅಕ್ಷರ ಈಗಲಾದರೂ ಉಪಯೋಗಕ್ಕೆ ಬರಲಿ. ಕಡತದ ಕರಿಬಟ್ಟೆಯ ಮೇಲೆ ಬರೆದದ್ದು ಬೇಡವೆನಿಸಿದರೆ ಒರೆಸಿಹಾಕಲೂಬಹುದು. ಸುಲ್ತಾನರ ದಂಡಿನ ಠಾಣ್ಯದಲ್ಲಿ ತಿಂಗಳುಗಳಿಗೆ ಬೇರೆ ಹೆಸರಿಟ್ಟಿದ್ದಾರೆ, ಅವು ನನ್ನ ಬಾಯಿಗೆ ಇನ್ನೂ ಹೊಂದಿಲ್ಲ. ನಾನು ನಮ್ಮ ಪಂಚಾಂಗದಂತೆಯೇ ಬರೆಯುತ್ತೇನೆ.

ದಫೇದಾರಿಕೆ ಬಂದದ್ದು ಕತ್ತಿ ಬೀಸಿ ಅಲ್ಲ. ಇಂಗ್ಲಿಷರು ಬೆಂಗಳೂರು ಕೋಟೆ ಹಿಡಿದಿದ್ದಾರೆ, ಇನ್ನು ಪಟ್ಟಣದ ಕಡೆಗೆ ಬರುತ್ತಾರೆ. ಬರುವ ದಾರಿಯಲ್ಲಿ ಅವರ ಎತ್ತಿಗೆ ಹುಲ್ಲು, ಆಳಿಗೆ ಕಾಳು ಸಿಗಬಾರದೆಂದು ಅಪ್ಪಣೆಯಾಗಿದೆ. ಹುಲ್ಲು ಸುಡುವುದು ಯಾರಿಗಾದರೂ ಬರುತ್ತದೆ. ಕಾಳು ಹುಡುಕುವುದು ಬರುವುದಿಲ್ಲ. ನಮ್ಮ ಸೀಮೆಯ ರೈತರು ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮುಚ್ಚಿ, ಮೇಲೆ ಸಗಣಿ ಸಾರಿಸಿಬಿಡುತ್ತಾರೆ. ಒಳಗೆ ಮನೆಮಂದಿ ವರ್ಷಗಟ್ಟಲೆ ಉಣ್ಣುವಷ್ಟು ಇದ್ದರೂ ಮೇಲೆ ಕೋಳಿ ಕೆದಕುತ್ತಿರುತ್ತದೆ. ಹಾರೆಯ ಹಿಂಬದಿಯಿಂದ ನೆಲ ಕುಟ್ಟಿ, ದನಿ ಕೇಳಿ, ಇಲ್ಲಿದೆ ಎನ್ನಲು ರೈತನ ಮಗನೇ ಆಗಬೇಕು. ಹೋದ ವಾರ ನಾನು ತೋರಿಸಿದ ಕಡೆಯಲ್ಲೆಲ್ಲ ರಾಗಿ ಸಿಕ್ಕಿತು. ಜಮಾದಾರರು ಬೆನ್ನು ತಟ್ಟಿದರು.

ದಂಡಿಗೆ ಸೇರಿ ಏನು ಕಂಡೆ ಎಂದು ಊರಿನಲ್ಲಿ ಕೇಳುವವರಿದ್ದಾರೆ. ಕಂದಾಯವಿಲ್ಲದ ಹೊಲ ಕಂಡೆ. ಮಳೆ ಬಂದರೂ ಬಾರದಿದ್ದರೂ ಸಂಬಳ ಕಂಡೆ. ನಮ್ಮಪ್ಪ ಪಟೇಲನ ಜಗಲಿಯ ಕೆಳಗೆ ಕೈಕಟ್ಟಿ ನಿಂತು ಮಾತಾಡುತ್ತಿದ್ದ, ನಾನು ಹೋದರೆ ಅದೇ ಪಟೇಲ ಸರಿದು ಕೂರುತ್ತಾನೆ. ನಷ್ಟವೆಂದರೆ ಮನೆಯ ಊಟವಿಲ್ಲ. ಬೇರೇನೂ ನನಗೆ ತೋಚುತ್ತಿಲ್ಲ.

ಚೈತ್ರ ಶುದ್ಧ ದಶಮಿ. ಹೊಸಹೊಳಲು

ನನ್ನ ಹತ್ತು ಜನರಲ್ಲಿ ಒಬ್ಬ ಕಡಿಮೆಯಿದ್ದ. ಪುಟ್ಟತಾಯಮ್ಮನ ತಮ್ಮ ಮರಿಸ್ವಾಮಿ ಎರಡು ವರ್ಷದಿಂದ ನನ್ನ ಹಿಂದೆ ಬಿದ್ದಿದ್ದ. ಕೈತುಂಬ ಬಲ, ಬಾಯಿತುಂಬ ಮಾತು. ಕರೆದುಕೊಂಡು ಹೋಗೋಣವೆಂದು ಮಾವನ ಮನೆಗೆ ಬಂದೆ. ಮಾವ ದ್ಯಾವಯ್ಯ ಕೇಳಿದ ಕೂಡಲೇ ಮುಖ ಗಂಟು ಹಾಕಿಕೊಂಡರು.

"ಇರೋನೊಬ್ಬ ಮಗ, ಅಳಿಮಯ್ಯ. ಇವ್ನೂ ವಂಟೋದ್ರೆ ಆರಂಬ ಮಾಡೋರ್ ಯಾರು?"

"ಕಂದಾಯ ಇಲ್ದಿರೋ ಒಲ ಬತ್ತದೆ ಮಾವ. ಎಷ್ಟು ವರ್ಸ ಅಂತ ಕಂದಾಯಕ್ಕೇ ದುಡೀತೀರಿ?"

"ಒಲ ಬತ್ತದೆ, ಸರಿ. ಉಳೋನೇ ಇಲ್ದೆ ಒಲ ಇಟ್ಕೊಂಡು ಏನ್ ಮಾಡ್ಲಿ?"

ಮರಿಸ್ವಾಮಿ ಅಷ್ಟರಲ್ಲಿ ನನ್ನ ರುಮಾಲನ್ನು ತನ್ನ ತಲೆಗೆ ಸುತ್ತಿಕೊಂಡು ಅಂಗಳದಲ್ಲಿ ಠೀವಿಯಿಂದ ನಡೆಯುತ್ತಿದ್ದ. ಅವನ ಚಿಕ್ಕಪ್ಪನ ಮಗ ಹೊನ್ನಪ್ಪ ಎತ್ತಿಗೆ ಹುಲ್ಲು ಹಾಕುತ್ತಾ ನಗುತ್ತಿದ್ದ. ಅತ್ತೆ ಪಾರ್ವತಮ್ಮ ನಗಲಿಲ್ಲ.

"ಅಳಿಮಯ್ಯ, ಅವ್ನು ನಿಮ್ಮ್ ಕಣ್ಮುಂದೇನೇ ಇರ್ತಾನಾ?"

"ಇರ್ತಾನೆ ಅತ್ತೆ. ನಮ್ಮನ್ನ ಜಗಳಕ್ಕೆ ಕಳ್ಸೋದೇ ಇಲ್ಲ. ನಮ್ದು ರಾಗಿ ತೆಗ್ಯೋ ಕೆಲ್ಸ. ಗುಂಡಿಲ್ಲ, ಕತ್ತಿಯಿಲ್ಲ."

"ಅಂಗಾದ್ರೆ ಎಂಗೆ ಕರ್ಕೊಂಡೋಯ್ತೀರೋ ಅಂಗೇ ತಂದ್ ಒಪ್ಸಬೇಕು."

ಒಪ್ಪಿಸುತ್ತೇನೆ ಎಂದು ಅವರ ಕೈ ಮುಟ್ಟಿ ಹೇಳಿದೆ. ನಿಜವನ್ನೇ ಹೇಳಿದ್ದೇನೆ. ನಮ್ಮ ಕೆಲಸದಷ್ಟು ಭಯವಿಲ್ಲದ ಕೆಲಸ ಇಡೀ ದಂಡಿನಲ್ಲಿ ಇನ್ನೊಂದಿಲ್ಲ.

ಚೈತ್ರ ಬಹುಳ ತದಿಗೆ. ಹಿರೋಡೆಯ ಹತ್ತಿರ

ದಫೇದಾರನಾದ ಮೇಲೆ ಮೊದಲನೆಯ ಹಗೇವು ನಿನ್ನೆ ಬೆಳಗ್ಗೆ ತೆಗೆದೆವು. ಇಳಿದದ್ದು ಇವತ್ತು. ಹಗೇವಿನ ಬಾಯಿ ತೆಗೆದ ದಿನ ಇಳಿಯುವ ಹಾಗಿಲ್ಲ. ಮುಚ್ಚಿಟ್ಟ ಕಾಳಿನ ಕಾವಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ, ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ಮಾರನೆಯ ದಿನ ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು.

ನನ್ನ ಹತ್ತು ಜನರಲ್ಲಿ ಪಟ್ಟಣದವನಾದ ಇಮಾಮ್ ಸಾಬಿಗೆ ಗೊತ್ತಿರಲಿಲ್ಲ. "ಏ ದಫೇದಾರ್ ಸಾಬ್, ಸಿಡಿಮದ್ದಿನ ಮನೇಲಿ ಕೆಲಸ ಮಾಡಿದೀನಿ ನಾನು, ರಾಗಿಗೆ ಹೆದರ್ಕೋಬೇಕಾ?" ಎಂದು ನಕ್ಕ. ಮರಿಸ್ವಾಮಿ ಅವನನ್ನು ಕೂರಿಸಿಕೊಂಡು ತನ್ನ ಅಜ್ಜಿ ಹೇಳಿದ್ದನ್ನೆಲ್ಲ ಒಪ್ಪಿಸಿದ. ಮೊದಲು ಇಳಿದವನೂ ಮರಿಸ್ವಾಮಿಯೇ. ತಲೆತುಂಬ ಹೊಟ್ಟು ಮೆತ್ತಿಕೊಂಡು ಮೇಲೆ ಬಂದು, "ಭಾವ, ಒಳ್ಳೆ ಕೆಂಪ್ನ ರಾಗಿ. ನಮ್ಮನೇದ್ಕಿಂತ ಚೆಂದಾಗೈತೆ" ಎಂದ.

ಗಾಡಿಯಲ್ಲಿ ಹಿಡಿಸದೆ ಉಳಿದದ್ದಕ್ಕೆ ನೀರು ಹುಯ್ದು ಕೆಡಿಸಬೇಕೆಂದು ಅಪ್ಪಣೆ. ನಾನು ಮೊದಲ ಕೊಡ ಎತ್ತಿದೆ, ಆದರೆ ಹುಯ್ಯಲು ಕೈ ಬರಲಿಲ್ಲ. ಇಮಾಮ್ ಸಾಬಿ ಇಸಿದುಕೊಂಡು ಹುಯ್ದ. ರಾತ್ರಿ ಊಟ ಸೇರಲಿಲ್ಲ.

ಚೈತ್ರ ಬಹುಳ ಏಕಾದಶಿ. ತೊಣ್ಣೂರಿನ ಕಡೆ

ಇವತ್ತು ಒಂದು ಮನೆಯಲ್ಲಿ ಮುದುಕಿಯೊಬ್ಬಳು ಪಡಸಾಲೆಯ ಮಧ್ಯೆ ಚಾಪೆ ಹಾಕಿ ಕೂತಿದ್ದಳು. ಚಿಕ್ಕಬೋರಮ್ಮ ಎಂದು ಹೆಸರು. ಕಾಲು ಬಾತಿದೆ, ಏಳಲಾರೆ ಎಂದಳು. ಸುತ್ತಲೂ ಕುಟ್ಟಿಸಿದೆ, ಎಲ್ಲ ಕಡೆಯೂ ಗಟ್ಟಿ ನೆಲ. ಚಾಪೆಯ ಅಂಚಿನಲ್ಲಿ ಕುಟ್ಟಿದಾಗ ದನಿ ಬೇರೆಯಾಯಿತು. ಅವಳು ನನ್ನ ಮುಖವನ್ನೇ ನೋಡಿದಳು.

"ನೀನು ಒಕ್ಕಲು ಮಕ್ಕಳೋನೇನಪ್ಪಾ?"

"ಹೂಂ."

"ಯಾವೂರು?"

ನಾಗಮಂಗಲದ ಕಡೆ ಎನ್ನಲು ಬಾಯಿ ಬರಲಿಲ್ಲ. ಕೊಳ್ಳೇಗಾಲದ ಕಡೆ ಎಂದುಬಿಟ್ಟೆ. ಅವಳು ಯಾರ ಸಹಾಯವೂ ಇಲ್ಲದೆ ತಾನೇ ಎದ್ದು, ಚಾಪೆ ಸುತ್ತಿ, ಮೂಲೆಯಿಂದ ಮೊರ ತಂದಳು.

"ಒಂದ್ ಮೊರ ಬುಡ್ತೀಯಾ? ಬಾಣಂತಿ ಮಗಳವ್ಳೆ."

ಮರಿಸ್ವಾಮಿ ನನ್ನ ಕಡೆಗೂ ನೋಡದೆ ಮೂರು ಮೊರ ತುಂಬಿ ಕೊಟ್ಟ. ಇದನ್ನು ಕಂಡೂ ಕಾಣದವನಂತೆ ಇದ್ದೆ. ಆದರೆ ಆಮೇಲೆ ಅವನನ್ನು ಕರೆದು, ನನ್ನ ಮಾತಿಲ್ಲದೆ ಕೊಟ್ಟರೆ ನನ್ನ ದಫೇದಾರಿಕೆಗೆ ಏನು ಬೆಲೆ ಎಂದು ಗದರಿದೆ. ಗದರುವುದೂ ಬೇಕಾಗುತ್ತದೆ, ಇಲ್ಲದಿದ್ದರೆ ಆಳು ಕೈಮೀರುತ್ತಾರೆ.

ಈಗ ಒಂದು ರಾತ್ರಿ ಕಾಯಲು ಪುರಸತ್ತಿಲ್ಲ. ಬೆಳಗ್ಗೆ ತೆಗೆದು ಸಂಜೆಗೆ ಇಳಿಯುತ್ತೇವೆ. ಬೇಸಿಗೆಯ ಬಿಸಿಗೆ ಒಳಗಿನ ಕೆಟ್ಟ ಗಾಳಿ ಬೇಗ ಹೊರಟುಹೋಗುತ್ತದೆ. ದೀಪವನ್ನಂತೂ ತಪ್ಪದೆ ಇಳಿಬಿಟ್ಟು ನೋಡುತ್ತೇವೆ.

ಚೈತ್ರ ಬಹುಳ ತ್ರಯೋದಶಿ

ಐದು ಹಗೇವು. ಎಲ್ಲವೂ ತುಂಬಿದ್ದವು. ನೀರು ಹುಯ್ದೆವು. ನಿದ್ದೆ ಚೆನ್ನಾಗಿ ಬಂತು.

ವೈಶಾಖ ಶುದ್ಧ ತದಿಗೆ. ಶ್ರೀರಂಗಪಟ್ಟಣ

ಜಮಾದಾರರು ಎಲ್ಲರೆದುರಿಗೆ ನನಗೆ ಸರಿಗೆಯ ರುಮಾಲು ಸುತ್ತಿಸಿದರು. ಬೇರೆ ದಫೇದಾರರು ಒಂದು ಊರು ಮುಗಿಸುವಷ್ಟರಲ್ಲಿ ನಾನು ಮೂರು ಊರು ಮುಗಿಸುತ್ತೇನಂತೆ. ಹಗೇವಿನ ದಫೇದಾರ ಎಂದೇ ಈಗ ನನ್ನ ಹೆಸರು. ಕಾಯುವುದನ್ನೆಲ್ಲ ಬಿಟ್ಟು, ಬಾಯಿ ತೆಗೆದು, ಸೊಪ್ಪು ಬೀಸಿ, ದೀಪ ತೋರಿಸಿ ಇಳಿಸಿಬಿಡುತ್ತೇನೆ. ಇಷ್ಟು ದಿನದಲ್ಲಿ ಒಬ್ಬನಿಗೂ ತಲೆ ಸುತ್ತಿಲ್ಲ. ಹಳಬರು ಎಲ್ಲಕ್ಕೂ ಒಂದು ಹೆಚ್ಚೇ ಹೇಳುತ್ತಾರೆ.

ಸಂಜೆ ಮರಿಸ್ವಾಮಿ ಕಾವೇರಿಯ ಮೆಟ್ಟಿಲ ಮೇಲೆ ಬಂದು ಪಕ್ಕದಲ್ಲಿ ಕೂತ. ಈಚೆಗೆ ಅವನ ಮಾತು ಕಡಿಮೆಯಾಗಿದೆ.

"ಭಾವ, ನಾನು ಊರಿಗೋಗ್ಲಾ?"

"ಯಾಕ್ಲಾ, ಏನಾಯ್ತು?"

"ಏನಿಲ್ಲ. ಜಗಳ ಅಂದ್ರೆ ಜಗಳ ಮಾಡ್ಬೋದು ಭಾವ. ಇದು ನಮ್ಮವ್ವನ್ ಅಡಿಗೆಮನೆಗೆ ನುಗ್ಗಿದಂಗಾಯ್ತದೆ. ಉಣ್ಣಾಕ್ ಕುಂತ್ರೆ ಆ ಮುದುಕವ್ವನ ಮೊರ ಗ್ಯಾನಕ್ ಬತ್ತದೆ."

"ಬಂದು ಒಂದು ತಿಂಗ್ಳಾಗಿಲ್ಲ. ನನ್ನ ಭಾಮೈದ್ನೇ ಬುಟ್ಟೋದ ಅಂದ್ರೆ ನಾಳೆ ನಾನು ಯಾರ್ಗೆ ಏನ್ ಯೇಳ್ಲಿ? ಈ ಬ್ಯಾಸ್ಗೆ ಮುಗೀಲಿ, ನಾನೇ ಕಳುಸ್ತೀನಿ."

ಅವನು ಸ್ವಲ್ಪ ಹೊತ್ತು ನೀರಿಗೆ ಕಲ್ಲು ಎಸೆಯುತ್ತಿದ್ದು, "ಆಯ್ತು ಭಾವ" ಎಂದ. ಒಳ್ಳೆಯ ಹುಡುಗ, ಹೇಳಿದರೆ ಕೇಳುತ್ತಾನೆ. ರುಮಾಲು ಸುತ್ತಿಕೊಂಡು ನೋಡುತ್ತೀಯಾ ಎಂದು ಕೊಟ್ಟೆ. ಬೇಡ ಎಂದ.

ವೈಶಾಖ ಶುದ್ಧ ದ್ವಾದಶಿ

ಮರಿಸ್ವಾಮಿ ಹೋದ.

ವೈಶಾಖ ಹುಣ್ಣಿಮೆ

ಬರೆಯಲೇಬೇಕು. ಬರೆಯದೆ ಎದೆಯೊಳಗೇ ಇಟ್ಟುಕೊಂಡರೆ ನನಗೆ ಹುಚ್ಚು ಹಿಡಿಯುತ್ತದೆ.

ಅರಕೆರೆಯ ದಾರಿಯಲ್ಲಿ ಒಂದು ಸಣ್ಣ ಕೊಪ್ಪಲು. ಇಂಗ್ಲಿಷರು ಹೊಳೆಯ ಹತ್ತಿರ ಬಂದಿದ್ದಾರೆಂದು ಸುದ್ದಿ. ಬೆಳಗ್ಗಿನಿಂದ ಫಿರಂಗಿ ಸದ್ದು ಕೇಳುತ್ತಿತ್ತು. ಊರೆಲ್ಲ ಖಾಲಿ, ಹಗೇವಿನ ಮನೆಯ ಮುದುಕ ಒಬ್ಬ ಮಾತ್ರ ಹೊಂಗೆಮರದ ಕೆಳಗೆ ಕೂತಿದ್ದ. ಹಗೇವು ಹಳೆಯದು, ಆಳವಾದದ್ದು. ಜಮಾದಾರರು ಕುದುರೆ ಇಳಿಯದೆ, ಜಲ್ದಿ ಜಲ್ದಿ, ಮಧ್ಯಾಹ್ನದೊಳಗೆ ಇಲ್ಲಿ ಒಂದು ಕಾಳೂ ಇರಕೂಡದು ಎಂದು ಕೂಗುತ್ತಿದ್ದರು.

ಚಪ್ಪಡಿ ಸರಿಸಿದೆವು. ದೀಪ ಬಿಟ್ಟೆ. ಕತ್ತಿನ ಮಟ್ಟ ಇಳಿಯುವಷ್ಟರಲ್ಲಿ ಆರಿತು. ಎಳೆದು ಮತ್ತೆ ಹಚ್ಚಿ ಬಿಟ್ಟೆ. ಮತ್ತೆ ಆರಿತು. ಆಗ ಬಿರುಸಾಗಿ ಗಾಳಿ ಬೀಸುತ್ತಿತ್ತು. ಮರಿಸ್ವಾಮಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಜಮಾದಾರರು ನೋಡುತ್ತಿದ್ದರು.

"ಗಾಳಿಗ್ ಆರ್ತು ಕಣ್ಲಾ. ಇಳಿ" ಎಂದೆ.

ಅವನು ಕಾಸೆ ಬಿಗಿದುಕೊಂಡು ಇಳಿದ. ನಡುವಿಗೆ ಹಗ್ಗ ಕಟ್ಟಿಕೋ ಎಂದು ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ. "ಭಾವ" ಎಂದು ಒಂದು ಸಲ ಕೂಗಿದ, ಆಮೇಲೆ ಕಾಳಿನ ಮೇಲೆ ಬಿದ್ದ ಸದ್ದು ಕೇಳಿತು. ಇಮಾಮ್ ಸಾಬಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅರ್ಧ ಇಳಿದ, ಕಣ್ಣು ಮೇಲೆ ಸಿಕ್ಕಿತು, ಅವನನ್ನು ರಟ್ಟೆ ಹಿಡಿದು ಎಳೆದುಕೊಂಡೆವು. ಆ ಮುದುಕ, ಯಾರ ರಾಗಿಯನ್ನು ನಾವು ಕಿತ್ತುಕೊಳ್ಳಲು ಬಂದಿದ್ದೆವೋ ಅವನೇ, ಓಡಿಬಂದು ಬೇವಿನ ಸೊಪ್ಪಿನ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಮೇಲೆ ಕೆಳಗೆ ಆಡಿಸತೊಡಗಿದ. ತೋಳು ಸೋತರೂ ನಿಲ್ಲಿಸಲಿಲ್ಲ. "ಒಕ್ಕಲು ಮಕ್ಕಳಾಗಿ ಇಂಗಾ ಮಾಡೋದು, ಇಂಗಾ ಮಾಡೋದು" ಎನ್ನುತ್ತಲೇ ಇದ್ದ. ಮರಿಸ್ವಾಮಿಯನ್ನು ಮೇಲೆ ತಂದಾಗ ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಅದೇ ಹೊಂಗೆಮರದ ಕೆಳಗೆ ಹೂತೆವು. ಊರಿಗೆ ಒಯ್ಯಲು ದಾರಿ ಕಟ್ಟಿಹೋಗಿತ್ತು. ಮಣ್ಣು ಎಳೆಯುವಾಗ ಅವನ ಬಾಯಿಯ ಹತ್ತಿರ ನಾಲ್ಕು ಕಾಳು ರಾಗಿ ಅಂಟಿತ್ತು, ಒರೆಸಿದೆ.

ಅವನು ಊರಿಗೆ ಹೋಗುತ್ತೇನೆ ಎಂದಾಗ ಕಳಿಸಿಬಿಟ್ಟಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು?

ವೈಶಾಖ ಬಹುಳ ದಶಮಿ. ಶ್ರೀರಂಗಪಟ್ಟಣ

ಇಂಗ್ಲಿಷರು ತಮ್ಮ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ಹಿಂದಕ್ಕೆ ಹೋದರು. ಎತ್ತು ಸತ್ತವಂತೆ, ಆಳಿಗೆ ಅನ್ನವಿಲ್ಲವಂತೆ. ಕೋಟೆಯಲ್ಲಿ ಸಕ್ಕರೆ ಹಂಚಿದರು. ಇದರಲ್ಲಿ ನಿನ್ನ ಪಾಲೂ ಇದೆ ಎಂದು ಜಮಾದಾರರು ನನ್ನನ್ನು ಕರೆಸಿದರು.

ಮರಿಸ್ವಾಮಿಯ ವಿಷಯ ಅವರೇ ತೆಗೆದರು. ಹಗೇವಿನಲ್ಲಿ ಸತ್ತನೆಂದು ಬರೆಸಿದರೆ ಅವನ ಮನೆಗೆ ಏನೂ ಸಿಗುವುದಿಲ್ಲ. ಅದೇ ದಿನ ಅರಕೆರೆಯಲ್ಲಿ ಕಾಳಗವಾಯಿತಲ್ಲ, ಅಲ್ಲಿ ಬಿದ್ದನೆಂದು ಬರೆಸಿದರೆ ರಕ್ತಮಾನ್ಯವೆಂದು ಕಂದಾಯವಿಲ್ಲದ ಹೊಲ ಅವನ ಅಪ್ಪನ ಹೆಸರಿಗೆ ಆಗುತ್ತದೆ. ನೀನು ಕಣ್ಣಾರೆ ಕಂಡೆ ಎಂದರೆ ಸಾಕು ಎಂದರು. ಅವರ ಕುತ್ತಿಗೆಯೂ ಉಳಿಯುತ್ತದೆ ಎಂದು ನನಗೆ ಗೊತ್ತಾಗದೆ ಇಲ್ಲ.

ಕಂಡೆ ಎಂದೆ. ಮಾವನಿಗೆ ಮಗ ಹೋದ, ಹೊಲವಾದರೂ ಬರಲಿ. ಇದನ್ನು ಇಮಾಮ್ ಸಾಬಿಗೆ ಹೇಳಿದೆ. "ನಾನು ಯಾರಿಗೂ ಹೇಳಲ್ಲ ಜವರಯ್ಯ. ಆದ್ರೆ ಖುದಾಗೆ ಹೇಳಬೇಡ ಅನ್ನಬೇಡ" ಎಂದ.

ಜ್ಯೇಷ್ಠ ಬಹುಳ ಪಂಚಮಿ. ಹೊಸಹೊಳಲು

ಇಂಗ್ಲಿಷರ ಜೊತೆಗೂಡಿದ ಮರಾಠರ ಕುದುರೆದಂಡು ನಾಗಮಂಗಲದ ಮೇಲೆ ಹಾದುಹೋದಾಗ ನಮ್ಮ ಹೊಂಗೆಕೊಪ್ಪಲು ಸುಟ್ಟುಹೋಗಿದೆ. ಪುಟ್ಟತಾಯಮ್ಮ ಜೀವ ಉಳಿಸಿಕೊಂಡು ತವರಿಗೆ ಬಂದು ಸೇರಿದ್ದಾಳೆ. ಸಾವಿನ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಾನು ಹೊಲದ ಸನ್ನದು ಹಿಡಿದುಕೊಂಡು ಬಂದೆ.

ಅತ್ತೆ ಅಳಲಿಲ್ಲ. ಎಲ್ಲ ಮುಗಿಸಿಕೊಂಡಿದ್ದರೆಂದು ಕಾಣುತ್ತದೆ. ನನಗೆ ನೀರು ಕೊಟ್ಟು ಎದುರಿಗೆ ಕೂತರು.

"ನೀವು ಅಲ್ಲೇ ಇದ್ರಾ ಅಳಿಮಯ್ಯ?"

"ಇದ್ದೆ ಅತ್ತೆ."

"ಓಡ್ತಿದ್ನಾ, ನಿಂತಿದ್ನಾ?"

"ನಿಂತಿದ್ದ."

ಅವರು ಕಣ್ಣು ಮುಚ್ಚಿಕೊಂಡರು. ಆ ಮುಖದಲ್ಲಿ ಏನೋ ಒಂದು ಸಡಿಲವಾದದ್ದನ್ನು ನೋಡಿದೆ. ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋದೆ. ಗುಂಡು ಎದೆಗೆ ಬಿತ್ತು. ನರಳಲಿಲ್ಲ. ಅವ್ವ ಎಂದ. ಮಾವ ಸನ್ನದನ್ನು ತಿರುಗಿಸಿ ತಿರುಗಿಸಿ ನೋಡಿ ತೊಲೆಯ ಸಂದಿಯಲ್ಲಿ ಸಿಕ್ಕಿಸಿ, ಕೊಟ್ಟಿಗೆಗೆ ಹೋದರು. ಅಲ್ಲಿಂದ ಅವರ ಅಳು ಕೇಳಿತು.

ಆಷಾಢ ಶುದ್ಧ ನವಮಿ. ಹೊಸಹೊಳಲು

ರಜೆ ಕೊಟ್ಟಿದ್ದಾರೆ. ಮಾವನ ಹೊಸ ಹೊಲ ಉಳುತ್ತಿದ್ದೇನೆ. ಹದವಾದ ಮಳೆಯಾಗಿದೆ, ಬಿತ್ತಲು ಬೀಜದ ರಾಗಿ ಇಲ್ಲ. ಅತ್ತಿಕುಪ್ಪೆಯ ಸಂತೆಯಲ್ಲೂ ಇಲ್ಲ. ಊರೂರಿನ ಹಗೇವು ಖಾಲಿಯಾದ ಮೇಲೆ ಎಲ್ಲಿಂದ ಬರಬೇಕು? ಜನ ಸೊಪ್ಪು ಬೇಯಿಸಿ ತಿನ್ನುತ್ತಿದ್ದಾರೆ. ದಾರಿಯಲ್ಲಿ ಬಾಣಂತಿಯೊಬ್ಬಳು ಕೈಚಾಚಿದಾಗ ತೊಣ್ಣೂರಿನ ಕಡೆಯವಳೋ ಏನೋ ಎಂದು ಮುಖ ತಿರುಗಿಸಿಕೊಂಡು ಬಂದೆ.

ಮಾವ ಮಗನಿಗೆ ವೀರಗಲ್ಲು ನಿಲ್ಲಿಸಬೇಕೆಂದು ಕಲ್ಲುಕುಟಿಗ ಕಾಳಪ್ಪಾಚಾರಿಯನ್ನು ಕರೆಸಿದ್ದಾರೆ. ಕೂಲಿಗೆ ಮನೆಯ ಹಿತ್ತಾಳೆ ಕೊಡ ಕೊಟ್ಟರು. ಕಾಳಪ್ಪಾಚಾರಿ ಇದ್ದಿಲು ಹಿಡಿದು ನನ್ನನ್ನು ಕೇಳುತ್ತಾನೆ.

"ಬಲಗೈಲಿ ಕತ್ತಿ ಬರೀಲಾ, ಕೋವಿ ಬರೀಲಾ?"

"ಕತ್ತಿ."

"ಗುರಾಣಿ ಇತ್ತಾ?"

"ಇತ್ತು."

"ಎದುರ್ಗಡೆ ಎಷ್ಟು ಜನ ಇದ್ರು? ಮೂರಾಳು ಬರುದ್ರೆ ಕಲ್ಲು ತುಂಬ್ತದೆ."

"ಮೂರೇ ಜನ ಇದ್ರು" ಎಂದೆ. ಆ ಮಾತು ಬಂದ ಮೇಲೆ ಒಬ್ಬನಿಗೆ ಕೆಂಪು ಅಂಗಿ, ಇನ್ನೊಬ್ಬ ಕುಂಟುತ್ತಿದ್ದ ಎಂದೆಲ್ಲ ಹೇಳಿದೆ. ಈಗ ಕಣ್ಣು ಮುಚ್ಚಿದರೆ ಆ ಮೂವರೇ ಕಾಣುತ್ತಾರೆ. ಹೊಂಗೆಮರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅದೂ ಒಂದು ರೀತಿಯಲ್ಲಿ ಒಳ್ಳೆಯದೇ. ಸಂಜೆ ಸಂಜೆ ಜನ ಜಗಲಿಗೆ ಬಂದು ಕೂರುತ್ತಾರೆ, ಅತ್ತೆ "ಇನ್ನೊಂದ್ಸಲ ಯೇಳಿ ಅಳಿಮಯ್ಯ" ಎನ್ನುತ್ತಾರೆ. ಹೇಳುತ್ತೇನೆ. ನನ್ನ ಮಾತು ಈಗ ತಡವರಿಸುವುದಿಲ್ಲ.

ಶ್ರಾವಣ ಶುದ್ಧ ಪಂಚಮಿ

ಇವತ್ತು ಕಲ್ಲಿಗೆ ಹಾಲೆರೆದರು. ಎಲ್ಲ ಮುಗಿದ ಮೇಲೆ ಹೊನ್ನಪ್ಪ ಎದುರಿಗೆ ಬಂದು ನಿಂತ. ಮರಿಸ್ವಾಮಿಯ ಚಿಕ್ಕಪ್ಪನ ಮಗ. ಮದುವೆಯಾಗಿ ಕೈಗೂಸಿದೆ.

"ಭಾವ, ನನ್ನೂ ದಂಡ್ಗೆ ಸೇರುಸ್ಕೊಳ್ಳಿ. ಮನೇಲಿ ಕಾಳಿಲ್ಲ. ಬದುಕುದ್ರೆ ಸಂಬ್ಳ ಬತ್ತದೆ, ಸತ್ರೆ ಒಲ ಬತ್ತದೆ. ಮರಿಸ್ವಾಮಿ ಥರ ಎಸ್ರಾದ್ರೂ ಉಳೀತದೆ."

ಮಾವ ತಲೆಯಾಡಿಸಿದರು. ಮಗನನ್ನು ಕಳಿಸಲು ಮುಖ ಗಂಟಿಕ್ಕಿದ್ದವರು, "ಕರ್ಕೊಂಡೋಗಿ ಅಳಿಮಯ್ಯ, ನಮ್ ವಂಸದೋರು ಹಿಂಜರ್ಯೋರಲ್ಲ" ಎಂದರು. ಹೊನ್ನಪ್ಪನ ಹೆಂಡತಿ ಕೂಸನ್ನು ಎತ್ತಿಕೊಂಡು ಕಲ್ಲನ್ನೇ ನೋಡುತ್ತಿದ್ದಳು. ನಾನು ಮರಿಸ್ವಾಮಿಯನ್ನು ಕೊಂದದ್ದು ಸಾಲದೆಂದು ಅವನ ಕಲ್ಲು ತೋರಿಸಿ ಇನ್ನೊಬ್ಬನನ್ನು ಕರೆಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ ತಿಳಿಯದು.

ಹೇಳಿಬಿಟ್ಟೆ. ಎಲ್ಲರೆದುರಿಗೆ. ಅವನು ಕಾಳಗದಲ್ಲಿ ಸಾಯಲಿಲ್ಲ, ಹಗೇವಿನಲ್ಲಿ ಸತ್ತ, ದೀಪ ಆರಿತ್ತು, ನಾನೇ ಇಳಿ ಎಂದೆ. ಒಂದೇ ಉಸಿರಿಗೆ ಹೇಳಿದೆ.

ಆಮೇಲೆ ಮಾವ ನಿಧಾನವಾಗಿ, "ಒಲದ್ ಮೇಲೆ ಕಣ್ಣು ಬಿತ್ತಾ ಅಳಿಮಯ್ಯ? ಮಾನ್ಯ ರದ್ದಾದ್ರೆ ನಿಮಗೇನ್ ಬತ್ತದೆ?" ಎಂದರು. ಇನ್ಯಾರೋ, ಸುಟ್ಟುಹೋದ ಮನೆಯ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದರು. ಹೊನ್ನಪ್ಪ, "ದೀಪ ಆರಿದ ಮೇಲೆ ಮರಿಸ್ವಾಮಿ ಇಳೀತಾನಾ? ಅವ್ನೇನ್ ಕೂಸಾ?" ಎಂದ.

"ನಾನ್ ಯೇಳ್ದೆ ಅಂತ ಇಳ್ದ ಕಣ್ಲಾ" ಎಂದೆ.

ಅತ್ತೆ ಕಲ್ಲಿನ ಮುಂದಿನಿಂದ ಎದ್ದು ಬಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದವರಲ್ಲ.

"ನನ್ ಮಗುನ್ನ ಕರ್ಕೊಂಡೋದೆ. ತಂದ್ ಒಪ್ಪುಸ್ಲಿಲ್ಲ. ಈಗ ಅವ್ನ್ ಸಾವ್ನೂ ಕಿತ್ಕೊಳ್ಳಾಕ್ ಬಂದ್ಯಾ? ಈ ಮನೆ ವಸ್ಲು ಇನ್ನ ತುಳೀಬ್ಯಾಡ."

ಶ್ರಾವಣ ಶುದ್ಧ ಷಷ್ಠಿ. ದಾರಿಯಲ್ಲಿ

ಬೆಳಗ್ಗೆ ಪುಟ್ಟತಾಯಮ್ಮ ಊರಾಚೆಯ ಕಟ್ಟೆಯವರೆಗೆ ಬಂದಳು. ಬಟ್ಟೆಗಂಟು ತಂದಿರಲಿಲ್ಲ. ನನ್ನನ್ನು ಕಳಿಸಲು ಬಂದಿದ್ದಳು, ಜೊತೆಗೆ ಬರಲು ಅಲ್ಲ.

"ಅವರ್ಯಾರೂ ನಂಬ್ಲಿಲ್ಲ" ಎಂದೆ. "ನೀನೂ ನಂಬಲ್ವಾ?"

"ನಾನ್ ನಂಬ್ತೀನಿ" ಎಂದಳು. "ಅದ್ಕೇ ನಿಮ್ಮ್ ಜೊತೆ ಬರಾಕಿಲ್ಲ."

ಅಷ್ಟು ಹೇಳಿ ತಿರುಗಿ ಹೋದಳು. ನಾನು ಕರೆಯಲಿಲ್ಲ. ಕರೆಯಲು ನನ್ನಲ್ಲಿ ಏನಿತ್ತು.

ಪುಷ್ಯ ಶುದ್ಧ ಸಪ್ತಮಿ. ಶ್ರೀರಂಗಪಟ್ಟಣ

ಬಹಳ ತಿಂಗಳಾಯಿತು ಬರೆದು. ಕಾಲು ನೋವೆಂದು ಹೇಳಿ ದಫೇದಾರಿಕೆ ಬಿಟ್ಟು ಬೆಂಗಳೂರು ಬಾಗಿಲಿನ ಕಾವಲಿಗೆ ಹಾಕಿಸಿಕೊಂಡಿದ್ದೇನೆ. ದಂಡು ಬಿಟ್ಟು ಹೋಗೋಣವೆಂದರೆ ಹೋಗಲು ಊರಿಲ್ಲ. ದಂಡು ಹೊಲ ಕೊಟ್ಟಿತು, ಸಂಬಳ ಕೊಟ್ಟಿತು, ಪಟೇಲನ ಜಗಲಿಯಲ್ಲಿ ಜಾಗ ಕೊಟ್ಟಿತು. ಇವನ್ನು ಯಾರಿಗಾಗಿ ಬೇಕೆಂದಿದ್ದೆನೋ ಅವರಲ್ಲಿ ಒಬ್ಬರೂ ಈಗ ನನ್ನ ಜೊತೆ ಇಲ್ಲ.

ಇಂಗ್ಲಿಷರು ಮತ್ತೆ ಹೊರಟಿದ್ದಾರೆ. ದಾರಿಯ ಊರುಗಳಲ್ಲಿ ಉಳಿದ ಕಾಳು ತೆಗೆಯಬೇಕೆಂದು ಮತ್ತೆ ಅಪ್ಪಣೆಯಾಗಿದೆ. ಬೆಳಗ್ಗೆ ಹೊಸ ದಫೇದಾರ ಬಾಗಿಲಿನ ಬಯಲಿನಲ್ಲಿ ಆಳುಗಳನ್ನು ಸಾಲು ನಿಲ್ಲಿಸಿ, ಹಗೇವಿನ ಕೆಲಸ ಗೊತ್ತಿರುವವರು ಯಾರು ಎಂದು ಕೇಳಿದ. ಮುಂದೆ ಬಂದದ್ದು ಹೊನ್ನಪ್ಪ. ಅವನು ಸೇರಿದ್ದೇ ನನಗೆ ಗೊತ್ತಿರಲಿಲ್ಲ.

ಕಾವಲು ಬಿಟ್ಟು ಅವನ ಹತ್ತಿರಕ್ಕೆ ಹೋದೆ.

"ಹೊನ್ನಪ್ಪ, ತೆಗ್ದ ದಿನ ಇಳೀಬ್ಯಾಡ ಕಣಪ್ಪ. ದೀಪ ಆರಿದ್ರೆ, ಯಾರು ಏನೇ ಅನ್ಲಿ, ಇಳೀಬ್ಯಾಡ."

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಜೊತೆಯವರ ಕಡೆಗೆ ತಿರುಗಿದ.

"ಇವ್ನೇ ಕಣ್ರಲಾ ನಾನ್ ಯೇಳ್ತಿದ್ದೋನು. ಅರಕೆರೇಲಿ ನಮ್ ಮರಿಸ್ವಾಮಿ ಮೂರು ಜನಕ್ಕೆ ಎದುರಾಗಿ ನಿಂತಿದ್ರೆ ಇವ್ನು ಬುಟ್ಟು ಓಡೋದ. ಆಮೇಲೆ ಮನಸ್ಸು ತಡೀದೆ ಅಗೇವಲ್ಲಿ ಸತ್ತ ಅಂತ ಕತೆ ಕಟ್ದ."

ಅವರು ನಕ್ಕರು. ಒಬ್ಬ ಉಗಿದ. ಹೊಸಹೊಳಲಿನಲ್ಲಿ ನನ್ನ ಮಾತಿಗೆ ಕೊನೆಗೆ ಈ ಅರ್ಥ ಹಚ್ಚಿದ್ದಾರೆಂದು ಇವತ್ತು ತಿಳಿಯಿತು. ಹೊನ್ನಪ್ಪನ ತೋಳು ಹಿಡಿದುಕೊಂಡೆ.

"ಓಡೋದೋನೇ ಅನ್ಕೋ ಮಾರಾಯ. ಓಡೋದೋನ್ ಮಾತು ಅಂತಲಾದ್ರೂ ಕೇಳು. ಇಳೀಬ್ಯಾಡ. ಮನೇಲಿ ಕೂಸದೆ."

"ಎದ್ರುಕೊಳ್ಳೋರ್ ಮಾತು ಕೇಳ್ಕೊಂಡು ಎದ್ರುಕೊಳ್ಳಾಕೆ ನಾನ್ ಬಂದಿಲ್ಲ" ಎಂದು ತೋಳು ಕೊಡವಿಕೊಂಡ.

ಅಷ್ಟರಲ್ಲಿ ಹೊಸ ದಫೇದಾರ, ಹೊತ್ತಾಯಿತು, ಬಾಗಿಲು ತೆಗೆಯಿರಿ ಎಂದು ಕೂಗಿದ. ಹಾರೆ ಹೊತ್ತುಕೊಂಡು ಹತ್ತು ಜನ ಸಾಲಾಗಿ ಬಂದು ನಿಂತರು. ಹೊನ್ನಪ್ಪ ಎಲ್ಲರಿಗಿಂತ ಮುಂದೆ ಇದ್ದ. ಬಾಗಿಲು ತೆಗೆಯುವುದು ನನ್ನ ಕೆಲಸ. ತೆಗೆದೆ.